ನೂರು ಹೆಗಲುಗಳ ಕೋಟು

ಮಲೆನಾಡಿನ ಶಾಲೆಗಳಲ್ಲಿ ವಾರ್ಷಿಕೋತ್ಸವ ಸಮೀಪಿಸಿದಾಗ ನಡೆಯುವ ಒಂದು ಸಿದ್ಧತೆ ಎಲ್ಲರಿಗೂ ಪರಿಚಿತವಾದುದು. ಯಕ್ಷಗಾನಕ್ಕೋ ಪೌರಾಣಿಕ ನಾಟಕಕ್ಕೋ ಬೇಕಾದ ವೇಷಭೂಷಣಗಳನ್ನು ಬಾಡಿಗೆಗೆ ಕೊಡುವವರಿಂದ ಪೆಟ್ಟಿಗೆಯಲ್ಲಿ ತುಂಬಿಸಿ ತರಲಾಗುತ್ತದೆ. ಈ ವಾರ ಒಂದು ಊರಿನ ಅರ್ಜುನ ಧರಿಸಿದ ಭುಜಕೀರ್ತಿಯನ್ನು ಮುಂದಿನ ವಾರ ಪಕ್ಕದ ಊರಿನ ಕರ್ಣ ಧರಿಸುತ್ತಾನೆ. ಅದನ್ನು ಕೊಂಡು ಮನೆಯಲ್ಲಿಡಬೇಕೆಂದು ಯಾವ ಪಾಲಕರಿಗೂ ಅನ್ನಿಸುವುದಿಲ್ಲ. ವೇಷದ ರೂಪ ವರ್ಷ ವರ್ಷಕ್ಕೂ ಬದಲಾಗದಿರುವುದರಿಂದ ಒಂದೇ ವೇಷ ಹತ್ತಾರು ವರ್ಷ, ನೂರಾರು ಹೆಗಲುಗಳ ಮೇಲೆ ಬಾಳುತ್ತದೆ.

ಇಂಥದೇ ಏರ್ಪಾಡೊಂದು ಕೊಳ್ಳುಬಾಕತನದ ತವರೆಂದೇ ಹೆಸರಾದ ಅಮೆರಿಕದ ಶಾಲೆಗಳಲ್ಲಿ ದಶಕಗಳ ಕಾಲ ನಡೆದುಬಂದಿತ್ತು ಎಂಬುದು ಅನೇಕರಿಗೆ ಅಚ್ಚರಿಯ ಸಂಗತಿಯಾಗಬಹುದು. ಅದು ಶಾಲಾ ನೃತ್ಯಕೂಟಕ್ಕೆ ಹುಡುಗರು ಧರಿಸುವ ಔಪಚಾರಿಕ ಉಡುಪಿಗೆ ಸಂಬಂಧಿಸಿದ್ದು. ಆ ಏರ್ಪಾಡು ಬಲಗೊಂಡ ಬಗೆ, ಮುಂದೆ ಸಡಿಲಗೊಂಡ ಕಾರಣ ಇವೆರಡೂ ಪರಿಸರದ ದೃಷ್ಟಿಯಿಂದ ಪರಿಶೀಲನೆಗೆ ಯೋಗ್ಯವಾಗಿವೆ. ಉಡುಪನ್ನು ಯಾವ ನೂಲಿನಿಂದ ನೇಯಲಾಗಿದೆ ಎಂಬ ಪ್ರಶ್ನೆಯಷ್ಟೇ, ಅದರ ಶೈಲಿ ಎಷ್ಟು ಬೇಗ ಹಳತಾಗುತ್ತದೆ ಎಂಬ ಪ್ರಶ್ನೆಯೂ ಪರಿಸರದ ಪ್ರಶ್ನೆಯೇ ಆಗಿದೆ.

ಬದಲಾಗದ ಕಪ್ಪು ಕೋಟು

ಅಮೆರಿಕದಲ್ಲಿ ಪ್ರೌಢಶಾಲೆಯೆಂದರೆ ಹನ್ನೆರಡನೆಯ ತರಗತಿಯವರೆಗಿನ ಶಾಲೆ. ಅಲ್ಲಿಯ ಕೊನೆಯ ಎರಡು ತರಗತಿಗಳ ವಿದ್ಯಾರ್ಥಿಗಳಿಗಾಗಿ ವಸಂತಕಾಲದಲ್ಲಿ ಏರ್ಪಡಿಸುವ ನೃತ್ಯಕೂಟಕ್ಕೆ ‘ಪ್ರಾಮ್’ ಎಂದು ಹೆಸರು. ಮೆರವಣಿಗೆಯ ನಡಿಗೆಯನ್ನು ಸೂಚಿಸುವ ‘ಪ್ರಾಮನೇಡ್’ ಎಂಬ ಪದದ ಸಂಕ್ಷಿಪ್ತ ರೂಪವಿದು. 19ನೆಯ ಶತಮಾನದ ಕೊನೆಯಲ್ಲಿ ಕಾಲೇಜುಗಳಲ್ಲಿ ಆರಂಭವಾದ ಈ ರೂಢಿ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಪ್ರೌಢಶಾಲೆಗಳಿಗೆ ಇಳಿಯಿತು. ಎರಡನೆಯ ಮಹಾಯುದ್ಧದ ಅನಂತರದ ಸಮೃದ್ಧಿಯ ಕಾಲದಲ್ಲಿ ಅದು ಊರೂರಿನ ಹಬ್ಬವೇ ಆಯಿತು.

ಹುಡುಗರು ಅಂದು ಧರಿಸುವ ಉಡುಪಿನ ಹೆಸರು ‘ಟಕ್ಸೀಡೊ’. ನ್ಯೂಯಾರ್ಕ್ ರಾಜ್ಯದ ಟಕ್ಸೀಡೊ ಪಾರ್ಕ್ ಎಂಬಲ್ಲಿ 1886ರಲ್ಲಿ ಆರಂಭವಾದ ಶ್ರೀಮಂತರ ಕ್ಲಬ್ಬಿನಿಂದ ಆ ಹೆಸರು ಬಂದಿದೆ. ಹಿಂಭಾಗದ ಉದ್ದ ಬಾಲವಿಲ್ಲದ ಗಿಡ್ಡ ಕಪ್ಪು ಕೋಟು, ಕಾಲರಿಗೆ ರೇಷ್ಮೆಯ ಅಂಚು, ಬಿಳಿಯ ಅಂಗಿ, ಕತ್ತಿಗೆ ಚಿಟ್ಟೆಯಾಕಾರದ ಟೈ ಇವು ಅದರ ಲಕ್ಷಣಗಳು. ಸೊಂಟಕ್ಕೆ ಕಟ್ಟುವ ಪಟ್ಟಿಗೆ ಇಂಗ್ಲಿಷಿನಲ್ಲಿ ಇರುವ ‘ಕಮರ್‌ಬಂಡ್’ ಎಂಬ ಹೆಸರು ಭಾರತದಿಂದಲೇ ಹೋದದ್ದು. ಪಾರಸಿಯಲ್ಲಿ ‘ಕಮರ್’ ಎಂದರೆ ಸೊಂಟ. ಭಾರತದ ಬಿಸಿಲಿನಲ್ಲಿ ಒಳಕೋಟು ಧರಿಸಲಾರದೆ ಬಳಲಿದ ಇಂಗ್ಲಿಷ್ ಸೈನ್ಯಾಧಿಕಾರಿಗಳು ಇಲ್ಲಿಯವರ ನಡುಪಟ್ಟಿಯನ್ನು ಅನುಕರಿಸಿದರು. ಆ ಪಟ್ಟಿ ಮುಂದೆ ಅಮೆರಿಕದ ಹದಿಹರೆಯದ ಹುಡುಗರ ಸೊಂಟಕ್ಕೂ ಬಂದಿತು.

ಶ್ರೀಮಂತರ ಉಡುಪೊಂದು ಕಾರ್ಮಿಕರ, ರೈತರ ಮಕ್ಕಳಿಗೆ ದಕ್ಕಿದ್ದು ಬಾಡಿಗೆ ಅಂಗಡಿಗಳಿಂದ. ಒಳ್ಳೆಯ ಉಣ್ಣೆಯ ಕೋಟನ್ನು ಒಂದು ರಾತ್ರಿಗಾಗಿ ಕೊಳ್ಳುವ ಶಕ್ತಿ ಬಹುತೇಕ ಕುಟುಂಬಗಳಿಗೆ ಇರಲಿಲ್ಲ. ಬಾಡಿಗೆಯವನ ಪಾಲಿಗಾದರೆ ಒಂದೇ ಕೋಟು ಮದುವೆಗೂ, ನೃತ್ಯಕೂಟಕ್ಕೂ, ಔತಣಕ್ಕೂ ಒದಗುತ್ತಿತ್ತು. ಕೆಲವು ಬಾಡಿಗೆಗಳಲ್ಲಿಯೇ ಕೋಟಿನ ಬೆಲೆ ಹುಟ್ಟುತ್ತಿತ್ತು, ಅನಂತರದ್ದು ಲಾಭ. ಹೀಗಾಗಿ ಕೋಟು ಗಟ್ಟಿಯಾಗಿರಬೇಕೆಂಬುದು ಅಂಗಡಿಯವನ ಹಿತವೇ ಆಗಿತ್ತು. ಬಾಡಿಗೆಯ ಷರಾಯಿಗಳ ಸೊಂಟವನ್ನು ಹಿಗ್ಗಿಸಿ ಕುಗ್ಗಿಸುವ ಪಟ್ಟಿಗಳಿರುತ್ತಿದ್ದವು. ತೋಳು, ಕಾಲಿನ ಅಂಚುಗಳಲ್ಲಿ ಹೆಚ್ಚುವರಿ ಬಟ್ಟೆಯನ್ನು ಮಡಿಸಿ ಹೊಲಿದು, ಬೇಕಾದಾಗ ಬಿಚ್ಚಿ ಉದ್ದಮಾಡುವ ಅನುಕೂಲವಿರುತ್ತಿತ್ತು. ಅನೇಕರಿಗೆ ಹೊಂದಬೇಕೆಂಬ ಉದ್ದೇಶವನ್ನು ಕತ್ತರಿ ಹಾಕುವಾಗಲೇ ಮನಸ್ಸಿನಲ್ಲಿಟ್ಟುಕೊಂಡು ಹೊಲಿದ ಉಡುಪು ಅದು.

ಈ ಏರ್ಪಾಡಿನ ಕೀಲು ಇದ್ದದ್ದು ಉಡುಪಿನ ಏಕರೂಪತೆಯಲ್ಲಿ. ಕಪ್ಪು ಕೋಟು ಹತ್ತು ವರ್ಷದ ಹಿಂದಿನದೋ ಈ ವರ್ಷದ್ದೋ ಎಂದು ನೃತ್ಯಶಾಲೆಯ ದೀಪದಲ್ಲಿ ಯಾರೂ ಗುರುತಿಸಲಾರರು. ಬ್ಯಾಂಕಿನ ಯಜಮಾನನ ಮಗನೂ ಗಿರಣಿಯ ಕೂಲಿಯ ಮಗನೂ ಒಂದೇ ಬಗೆಯಾಗಿ ಕಾಣಿಸುತ್ತಿದ್ದರು. ಸಮಾನತೆಯ ಹೆಸರಿನಲ್ಲಿ ಯಾರೂ ಯೋಜಿಸದಿದ್ದ ಒಂದು ಸಮಾನತೆ ಬಾಡಿಗೆಯ ಕೋಟಿನಿಂದ ಒಂದು ರಾತ್ರಿಯ ಮಟ್ಟಿಗೆ ಸಾಧ್ಯವಾಗಿತ್ತು.

ಬಟ್ಟೆಯ ಮಿತಿ, ಬಟ್ಟೆಯ ಹಟ

ಯುದ್ಧಕಾಲದಲ್ಲಿ ಉಡುಪಿಗೂ ಮಿತಿ ಬಂದಿತು. ಸೈನಿಕರ ಸಮವಸ್ತ್ರಕ್ಕೆ ಉಣ್ಣೆ ಬೇಕಾಗಿದ್ದುದರಿಂದ 1942ರಲ್ಲಿ ಅಮೆರಿಕ ಸರಕಾರವು ಗಂಡಸರ ಸೂಟುಗಳಲ್ಲಿ ಬಳಸುವ ಬಟ್ಟೆಯನ್ನು ಕಡಿತಗೊಳಿಸಿತು. ಷರಾಯಿಯ ಕೆಳಮಡಿಕೆಯಂಥ ಅಲಂಕಾರಗಳು ನಿಷಿದ್ಧವಾದವು. ಅದೇ ಕಾಲದಲ್ಲಿ ನೃತ್ಯಶಾಲೆಗಳಿಗೆ ಹೋಗುವ ಮೆಕ್ಸಿಕನ್ ಮತ್ತು ಆಫ್ರಿಕನ್ ಮೂಲದ ತರುಣರು ‘ಜೂಟ್ ಸೂಟ್’ ಎಂಬ ಉದ್ದನೆಯ, ಸಡಿಲವಾದ, ಹೇರಳ ಬಟ್ಟೆ ಬೇಡುವ ಉಡುಪನ್ನು ಧರಿಸುತ್ತಿದ್ದರು. 1943ರ ಜೂನ್ ತಿಂಗಳಿನಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಸೈನಿಕರು ಈ ತರುಣರ ಮೇಲೆ ಬಿದ್ದು, ಬೀದಿಯಲ್ಲಿಯೇ ಅವರ ಉಡುಪನ್ನು ಕಿತ್ತು ಹರಿದರು. ಬಟ್ಟೆಯ ದುಂದು ದೇಶದ್ರೋಹವೆಂಬುದು ಹೇಳಿಕೊಂಡ ನೆಪ, ಒಳಗಿದ್ದುದು ವರ್ಣದ್ವೇಷ. ಮಿತಬಳಕೆಯನ್ನು ಬೋಧಿಸುವವರು ಈ ಘಟನೆಯನ್ನು ನೆನಪಿನಲ್ಲಿಡಬೇಕಾಗುತ್ತದೆ. ಬಡವನ ಅಲಂಕಾರದಲ್ಲಿ ದುಂದನ್ನು ಕಾಣುವುದು ಬಹಳ ಸುಲಭ.

1950ರ ದಶಕದಲ್ಲಿ ಬಿಳಿಯ ಕೋಟು, ಎದೆಗೊಂದು ಹೂವು ಎಂಬ ರೂಢಿ ಬೆಳೆಯಿತು. ಬಿಳಿಯ ಕೋಟು ಮೂಲತಃ ಉಷ್ಣದೇಶಗಳಲ್ಲಿ ನೆಲೆಸಿದ ಐರೋಪ್ಯರ ಸಂಜೆಯುಡುಪು. 1957ರಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಜನಪ್ರಿಯ ಹಾಡೊಂದರ ಶೀರ್ಷಿಕೆಯೇ ಬಿಳಿಯ ಕೋಟನ್ನೂ ಹೂವನ್ನೂ ಕುರಿತದ್ದಾಗಿತ್ತು. ಬಣ್ಣ ಬೇರೆಯಾದರೂ ಇದೂ ಎಲ್ಲರಿಗೂ ಒಂದೇ ಬಗೆಯದಾಗಿದ್ದುದರಿಂದ ಬಾಡಿಗೆಯ ಏರ್ಪಾಡಿಗೆ ಧಕ್ಕೆಯಾಗಲಿಲ್ಲ.

ಅದೇ ದಶಕದ ಕೊನೆಗೆ ದಕ್ಷಿಣ ಭಾರತದ ಬಟ್ಟೆಯೊಂದು ಅಮೆರಿಕದ ಕಾಲೇಜು ತರುಣರ ಮೈಯೇರಿತು. ಮದ್ರಾಸಿನ ಸುತ್ತಲಿನ ಹಳ್ಳಿಗಳ ಕೈಮಗ್ಗದ ಚೌಕುಳಿ ಹತ್ತಿಬಟ್ಟೆಯಿಂದ ಬೇಸಿಗೆಯ ಕೋಟುಗಳನ್ನು, ಸಂಜೆಯ ಕೋಟುಗಳನ್ನೂ ಹೊಲಿಯಲಾಯಿತು. ಒಗೆದಾಗಲೆಲ್ಲ ಬಣ್ಣ ಬಿಡುವುದು ಆ ಬಟ್ಟೆಯ ಗುಣ. ಮೊದಮೊದಲು ಕೊಂಡವರು ಅದನ್ನು ದೋಷವೆಂದು ಗೊಣಗಿದರು. ವ್ಯಾಪಾರಿಗಳು ಜಾಣತನದಿಂದ ಅದನ್ನೇ ಹೆಚ್ಚುಗಾರಿಕೆಯೆಂದು ಸಾರಿ ಮಾರಿದರು. ಒಂದೊಂದು ಒಗೆತಕ್ಕೂ ಬಣ್ಣಗಳು ಒಂದರೊಳಗೊಂದು ಬೆರೆತು ಹೊಸ ಛಾಯೆ ಮೂಡುತ್ತದೆಂಬ ಮಾತು ಸುಳ್ಳೂ ಆಗಿರಲಿಲ್ಲ. ಹಳತಾಗುತ್ತ ಚೆಲುವಾಗುವ ಬಟ್ಟೆಯನ್ನು ಮೆಚ್ಚುವ ಮನಸ್ಸು ಆಗ ಅಲ್ಲಿ ಇತ್ತು ಎಂಬುದು ಗಮನಾರ್ಹ.

ಎಣ್ಣೆಯಿಂದ ನೇಯ್ದ ನೀಲಿ

ನಿಜವಾದ ತಿರುವು ಬಂದದ್ದು ಪಾಲಿಯೆಸ್ಟರಿನಿಂದ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು ಕಂಡುಹಿಡಿದ ಈ ಎಳೆಯನ್ನು ಡ್ಯೂಪಾಂಟ್ ಕಂಪನಿಯು 1950ರ ದಶಕದ ಆರಂಭದಲ್ಲಿ ‘ಡೆಕ್ರಾನ್’ ಎಂಬ ಹೆಸರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದಿತು. ಇದರ ಮೂಲವಸ್ತು ಪೆಟ್ರೋಲಿಯಂ. ಮಡಿಕೆ ಬೀಳದ, ಬೇಗ ಒಣಗುವ, ಗಾಢ ಬಣ್ಣ ಹಿಡಿಯುವ ಅಗ್ಗದ ಬಟ್ಟೆ ಇದರಿಂದ ಸಾಧ್ಯವಾಯಿತು.

1970ರ ದಶಕದ ಪ್ರಾಮ್ ಚಿತ್ರಗಳಲ್ಲಿ ತಿಳಿನೀಲಿ, ಕಿತ್ತಳೆ, ತಿಳಿಹಸಿರು, ಕಂದು ಬಣ್ಣದ ಕೋಟುಗಳು ಕಾಣಿಸುತ್ತವೆ. ಅಗಲವಾದ ಕಾಲರು, ಎದೆಯ ತುಂಬ ನಿರಿಗೆಗಳಿರುವ ಅಂಗಿ, ಮಖಮಲ್ಲಿನ ದೊಡ್ಡ ಟೈ. 1973ರಲ್ಲಿ ತೈಲ ಬಿಕ್ಕಟ್ಟಿನಿಂದ ಅಮೆರಿಕದ ಪೆಟ್ರೋಲ್ ಬಂಕುಗಳ ಮುಂದೆ ಕಾರುಗಳು ಸಾಲುಗಟ್ಟಿ ನಿಂತಿದ್ದ ಕಾಲದಲ್ಲಿಯೇ ಅದೇ ಎಣ್ಣೆಯಿಂದಾದ ಕೋಟುಗಳು ಶಾಲೆಯ ಅಂಗಳದಲ್ಲಿ ಕುಣಿಯುತ್ತಿದ್ದವು.

ಬಣ್ಣ ಬಂದದ್ದು ತಪ್ಪಲ್ಲ. ಆದರೆ ಅದರೊಡನೆ ಬಾಡಿಗೆಯ ಅಂಗಡಿಗೆ ಹೊಸದೊಂದು ಸಂಕಟ ಒದಗಿತು. ತಿಳಿನೀಲಿಯ ಕೋಟು ನಾಲ್ಕಾರು ವರ್ಷಗಳಲ್ಲಿ ನಗೆಪಾಟಲಿಗೆ ಈಡಾಯಿತು. 1994ರ ‘ಡಂಬ್ ಅಂಡ್ ಡಂಬರ್’ ಎಂಬ ಹಾಸ್ಯ ಚಲನಚಿತ್ರದಲ್ಲಿ ಇಬ್ಬರು ಪೆದ್ದರಿಗೆ ಕಿತ್ತಳೆ ಮತ್ತು ತಿಳಿನೀಲಿಯ ಟಕ್ಸೀಡೊಗಳನ್ನು ತೊಡಿಸಿದ್ದು ಜನರನ್ನು ನಗಿಸುವುದಕ್ಕಾಗಿಯೇ. ಎಳೆ ಸವೆಯದಿದ್ದರೂ ಶೈಲಿ ಸತ್ತುಹೋಗಿತ್ತು. ಕೊಳೆಯದ ಬಟ್ಟೆಗೆ ಕೆಲವೇ ವರ್ಷಗಳ ಆಯುಷ್ಯ ಎಂಬ ವೈಪರೀತ್ಯ ಇಲ್ಲಿಂದ ಆರಂಭವಾಗುತ್ತದೆ.

1980ರ ದಶಕದಲ್ಲಿ ಕಪ್ಪು ಮತ್ತೆ ಬಂದಿತಾದರೂ ಸೊಂಟಪಟ್ಟಿಯೂ ಟೈಯೂ ಜೊತೆಗಾತಿಯ ಉಡುಪಿನ ಬಣ್ಣಕ್ಕೆ ಹೊಂದಬೇಕೆಂಬ ನಿಯಮ ಹುಟ್ಟಿತು. 1990ರ ದಶಕದಲ್ಲಿ ಚಿಟ್ಟೆ ಟೈಗೆ ಬದಲಾಗಿ ಉದ್ದ ಟೈ, ಕಾಲರಿಲ್ಲದ ಅಂಗಿ. ಅನಂತರದ ದಶಕದಲ್ಲಿ ಹುಡುಗಿಯ ಉಡುಪಿನ ಬಣ್ಣದ್ದೇ ಒಳಕೋಟು. 2010ರ ಸುಮಾರಿಗೆ ಮೈಗಂಟುವ ಇಕ್ಕಟ್ಟಾದ ಸೂಟು, ಕಡುನೀಲಿ, ಬೂದು, ದ್ರಾಕ್ಷಿಗೆಂಪು ಬಣ್ಣಗಳು ಬಂದವು. ಹಿಗ್ಗಿಸಿ ಕುಗ್ಗಿಸಿ ಹತ್ತು ಜನರಿಗೆ ಹೊಂದಿಸುತ್ತಿದ್ದ ಕೋಟಿಗೆ ಈ ಇಕ್ಕಟ್ಟು ದೊಡ್ಡ ಪೆಟ್ಟು. ಒಬ್ಬನ ಮೈಗೆ ಅಂಟಿ ಕೂರುವಂತೆ ಕತ್ತರಿಸಿದ ಕೋಟು ಇನ್ನೊಬ್ಬನ ಮೈಗೆ ಏರಲಾರದು.

ಇದೇ ಕಾಲಕ್ಕೆ ಬೆಲೆಯೂ ಕುಸಿಯಿತು. ಒಂದು ರಾತ್ರಿಯ ಬಾಡಿಗೆಗೆ ಕೊಡುವಷ್ಟೇ ಹಣದಲ್ಲಿ ಹೊಸ ಪಾಲಿಯೆಸ್ಟರ್ ಸೂಟು ಸಿಗತೊಡಗಿದಾಗ ಹುಡುಗನೊಬ್ಬ ಕೊಳ್ಳುವುದನ್ನೇ ಆಯ್ದರೆ ಅವನನ್ನು ದೂರುವುದು ಕಷ್ಟ. 2020ರಲ್ಲಿ ಕೋವಿಡ್ ಕಾರಣದಿಂದ ದೇಶದಾದ್ಯಂತ ಪ್ರಾಮ್‌ಗಳು, ಮದುವೆಗಳು ರದ್ದಾದವು. ಬಾಡಿಗೆ ಟಕ್ಸೀಡೊಗಳ ಅತಿ ದೊಡ್ಡ ವ್ಯಾಪಾರಿಯಾದ ‘ಮೆನ್ಸ್ ವೇರ್‌ಹೌಸ್’ ಮಳಿಗೆಗಳ ಮಾತೃಸಂಸ್ಥೆ ಆ ವರ್ಷದ ಆಗಸ್ಟಿನಲ್ಲಿ ದಿವಾಳಿ ಅರ್ಜಿ ಸಲ್ಲಿಸಿ, ನೂರಾರು ಮಳಿಗೆಗಳನ್ನು ಮುಚ್ಚುವ ಸ್ಥಿತಿಗೆ ಬಂದಿತು. ಮುಂದೆ ಚೇತರಿಸಿಕೊಂಡಿತಾದರೂ, ಬಾಡಿಗೆಯೊಂದೇ ದಾರಿ ಎಂದು ಕುಟುಂಬಗಳು ಭಾವಿಸುತ್ತಿದ್ದ ಕಾಲ ಮರಳಲಿಲ್ಲ.

ಕುಣಿತ ಮುಗಿದ ಮೇಲೆ

ಒಂದು ಸಂಜೆ ತೊಟ್ಟ ಕೋಟು ಮುಂದೆ ಎಲ್ಲಿಗೆ ಹೋಗುತ್ತದೆ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಂತೆ 2018ರಲ್ಲಿ ಆ ದೇಶದಲ್ಲಿ ಸುಮಾರು 1.7 ಕೋಟಿ ಟನ್ ಬಟ್ಟೆಯ ತ್ಯಾಜ್ಯ ಉಂಟಾಯಿತು. ಅದರಲ್ಲಿ ಸುಮಾರು 1.13 ಕೋಟಿ ಟನ್ ಭೂಮಿಯಲ್ಲಿ ಹೂಳಲ್ಪಟ್ಟಿತು. ಮರುಬಳಕೆಗೆ ಒದಗಿದ್ದು ಶೇಕಡ 15ಕ್ಕಿಂತಲೂ ಕಡಿಮೆ.

ಉಣ್ಣೆಯ ಕೋಟಿಗೆ ಎರಡನೆಯ ಜನ್ಮವಿತ್ತು. ಪಶ್ಚಿಮದ ದೇಶಗಳು ಎಸೆದ ಉಣ್ಣೆಯ ಉಡುಪುಗಳು ಹರಿಯಾಣದ ಪಾಣಿಪತ್ತಿಗೆ ಬರುತ್ತಿದ್ದವು. ಅಲ್ಲಿ ಗುಂಡಿ, ಅಸ್ತರಿಗಳನ್ನು ಕಿತ್ತು, ಬಣ್ಣಗಳಿಗನುಸಾರವಾಗಿ ವಿಂಗಡಿಸಿ, ಚಿಂದಿಮಾಡಿ, ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತಿದ್ದರು. ಬಡವರಿಗೆ, ನೆರೆ ಭೂಕಂಪಗಳ ಸಂತ್ರಸ್ತರಿಗೆ ಹಂಚುವ ಕಂಬಳಿಗಳು ಬಹುಮಟ್ಟಿಗೆ ಇವೇ. ಈಗ ಅಲ್ಲಿಗೆ ಬರುವ ಉಡುಪುಗಳಲ್ಲಿ ಕೃತಕ ಎಳೆಯ ಬೆರಕೆ ಹೆಚ್ಚಿದೆ. ಹೊಸ ಪಾಲಿಯೆಸ್ಟರಿನ ಮೃದುವಾದ, ಅಗ್ಗದ ಹೊದಿಕೆಗಳು ಹಳೆಯ ಉಣ್ಣೆಯ ಕಂಬಳಿಯನ್ನು ಮಾರುಕಟ್ಟೆಯಿಂದ ತಳ್ಳುತ್ತಿವೆ.

ಮಣ್ಣಿನ ದೃಷ್ಟಿಯಿಂದಲೂ ವ್ಯತ್ಯಾಸ ಸ್ಪಷ್ಟ. ಉಣ್ಣೆಯು ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ತೇವದ ಮಣ್ಣಿಗೆ ಬಿದ್ದರೆ ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿ ಒಡೆದು ಸಾರಜನಕವನ್ನು ಬಿಡುಗಡೆ ಮಾಡುತ್ತವೆ. ಹತ್ತಿಯೂ ಕರಗಿ ಮಣ್ಣಾಗುತ್ತದೆ. ಪಾಲಿಯೆಸ್ಟರಾದರೋ ದಶಕಗಳು ಕಳೆದರೂ ಕರಗದೆ, ಸಣ್ಣ ಸಣ್ಣ ಎಳೆಗಳಾಗಿ ಒಡೆದು ಮಣ್ಣು ನೀರುಗಳನ್ನು ಸೇರುತ್ತದೆ. ಇಂದು ಜಗತ್ತಿನ ಒಟ್ಟು ಬಟ್ಟೆಯ ಎಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರೇ ಆಗಿದೆ. ಹಾಗೆಂದು ಉಣ್ಣೆ, ಹತ್ತಿಗಳು ಪರಿಶುದ್ಧವೆಂದು ತೀರ್ಪು ಕೊಡಲಾಗದು. ಕುರಿಯ ಹೊಟ್ಟೆಯಿಂದ ಮೀಥೇನ್ ಬರುತ್ತದೆ, ಅತಿ ಮೇಯಿಸಿದ ಹುಲ್ಲುಗಾವಲು ಬರಡಾಗುತ್ತದೆ, ಹತ್ತಿಯ ಹೊಲ ಕೀಟನಾಶಕವನ್ನೂ ನೀರನ್ನೂ ಬೇಡುತ್ತದೆ. ಯಾವ ಎಳೆಯೂ ಭೂಮಿಗೆ ಪುಕ್ಕಟೆಯಲ್ಲ. ತೆತ್ತ ಬೆಲೆಗೆ ಎಷ್ಟು ಕಾಲದ ಉಪಯೋಗ ದೊರೆಯಿತು ಎಂಬುದೇ ಸರಿಯಾದ ಲೆಕ್ಕ.

ಆಕ್ಷೇಪಗಳ ತೂಕ

ಬಾಡಿಗೆಯ ಪದ್ಧತಿಯೂ ನಿರ್ದೋಷಿಯಲ್ಲ. ಪ್ರತಿ ಬಾರಿಯೂ ಕೋಟನ್ನು ಡ್ರೈಕ್ಲೀನ್ ಮಾಡಬೇಕಾಗುತ್ತದೆ. ಅದಕ್ಕೆ ಬಹುಕಾಲ ಬಳಸಿದ ಪರ್‌ಕ್ಲೋರೋಎಥಿಲೀನ್ ಎಂಬ ರಾಸಾಯನಿಕ ಆರೋಗ್ಯಕ್ಕೆ ಹಾನಿಕರವಾಗಿದ್ದು, ಡ್ರೈಕ್ಲೀನಿಂಗಿನಲ್ಲಿ ಅದರ ಬಳಕೆಯನ್ನು 10 ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸುವ ನಿಯಮವನ್ನು ಅಮೆರಿಕದ ಪರಿಸರ ಸಂಸ್ಥೆ 2024ರ ಡಿಸೆಂಬರಿನಲ್ಲಿ ಹೊರಡಿಸಿತು. ಸಾಗಾಟದ ಹೊರೆಯೂ ಇದೆ. ಫಿನ್ಲೆಂಡಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಜೀನ್ಸ್ ಉಡುಪನ್ನು ಬಾಡಿಗೆಗೆ ಪಡೆಯುವುದರಿಂದ ಹವಾಮಾನದ ಮೇಲಾಗುವ ಪರಿಣಾಮ, ಕೊಂಡು ಧರಿಸುವುದಕ್ಕಿಂತ ಹೆಚ್ಚಾಗಬಹುದೆಂದು ಕಂಡುಬಂದಿತು. ಗಿರಾಕಿಗಳ ಓಡಾಟವೇ ಅದಕ್ಕೆ ಕಾರಣ. ದಿನನಿತ್ಯ ತೊಡುವ ಜೀನ್ಸಿಗೂ ವರ್ಷಕ್ಕೊಮ್ಮೆ ತೊಡುವ ಕೋಟಿಗೂ ಅಂತರವಿದೆಯಾದರೂ ಎಚ್ಚರಿಕೆ ಸರಿಯಾದುದೇ. ಹಂಚಿಕೊಳ್ಳುವ ವಸ್ತು ಹತ್ತಿರದಲ್ಲಿರಬೇಕು. ಸಾವಿರ ಮೈಲಿಯ ಆಚೆಯ ಗೋದಾಮಿನಿಂದ ಕೊರಿಯರಿನಲ್ಲಿ ಬಂದು ಹೋಗುವ ಕೋಟು ಊರಿನ ಅಂಗಡಿಯ ಕೋಟಿಗೆ ಸಮನಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತಲೂ ಗಂಭೀರವಾದುದು. ಎಲ್ಲರೂ ಕಪ್ಪು ಕೋಟು ತೊಡಲೆಂದು ಹೇಳುವುದು ತರುಣರ ಆಯ್ಕೆಯನ್ನು ಕಸಿದಂತಲ್ಲವೆ? ಏಕರೂಪತೆಗೆ ಹೊರಗಿಡುವ ಗುಣವೂ ಇದೆ. 2010ರಲ್ಲಿ ಮಿಸಿಸಿಪಿ ರಾಜ್ಯದ ಶಾಲೆಯೊಂದು, ಹುಡುಗಿಯೊಬ್ಬಳು ಟಕ್ಸೀಡೊ ಧರಿಸಿ ತನ್ನ ಗೆಳತಿಯೊಡನೆ ಬರುವುದಾಗಿ ಹೇಳಿದ್ದಕ್ಕೆ ಇಡೀ ಪ್ರಾಮನ್ನೇ ರದ್ದುಮಾಡಿತು. ಶಾಲೆಯು ಅವಳ ಹಕ್ಕನ್ನು ಉಲ್ಲಂಘಿಸಿದೆಯೆಂದು ನ್ಯಾಯಾಲಯ ಹೇಳಿತು. ಇಂದು ಭಾರತೀಯ ಮೂಲದ ಹುಡುಗರು ಶೇರ್ವಾನಿ ತೊಟ್ಟು ಪ್ರಾಮ್‌ಗೆ ಹೋಗುವುದುಂಟು. ಯಾರು ಏನನ್ನು ತೊಡಬಹುದೆಂಬುದರಲ್ಲಿ ಬಂದಿರುವ ಈ ವಿಶಾಲತೆ ಸ್ವಾಗತಾರ್ಹ. ಅದನ್ನು ಪರಿಸರದ ಹೆಸರಿನಲ್ಲಿ ಹಿಂದಕ್ಕೆ ಎಳೆಯುವುದು ಅನ್ಯಾಯವಾಗುತ್ತದೆ.

ಆದರೆ ಆಯ್ಕೆಯ ಸ್ವಾತಂತ್ರ್ಯವೂ ಬಿಸಾಡುವ ಸ್ವಾತಂತ್ರ್ಯವೂ ಒಂದೇ ಅಲ್ಲ. ಅಜ್ಜನ ಕೋಟನ್ನು ಸರಿಪಡಿಸಿ ತೊಡುವವನು, ಹಳೆಯ ಉಡುಪುಗಳ ಅಂಗಡಿಯಲ್ಲಿ ಹುಡುಕಿ ತಿಳಿನೀಲಿಯ ಕೋಟನ್ನು ಎತ್ತಿಕೊಳ್ಳುವವನು ಎಲ್ಲರಿಗಿಂತ ಭಿನ್ನವಾಗಿಯೇ ಕಾಣುತ್ತಾನೆ. ಅಮೆರಿಕದ ಅನೇಕ ಊರುಗಳಲ್ಲಿ ಶಾಲೆಗಳೂ ಸ್ವಯಂಸೇವಾ ಸಂಸ್ಥೆಗಳೂ ತೊಟ್ಟು ಬಿಟ್ಟ ಔಪಚಾರಿಕ ಉಡುಪುಗಳನ್ನು ಸಂಗ್ರಹಿಸಿ, ಕೊಳ್ಳಲಾರದ ಮಕ್ಕಳಿಗೆ ಉಚಿತವಾಗಿ ಕೊಡುತ್ತಿವೆ. ಬಾಡಿಗೆ ಅಂಗಡಿ ಸೊರಗಿದ ಕಡೆ ಊರಿನ ಕಪಾಟು ಹುಟ್ಟಿಕೊಂಡಿದೆ. ಇದು ಆಶಾದಾಯಕವಾದ ಬೆಳವಣಿಗೆ.

ಇಲ್ಲಿಯ ಬೀಳ್ಕೊಡುಗೆಗಳು

ಪ್ರಾಮ್ ಕರ್ನಾಟಕದ ಹಬ್ಬವಲ್ಲ. ಆದರೆ ಪದವಿಪೂರ್ವ ಕಾಲೇಜುಗಳ ಬೀಳ್ಕೊಡುಗೆಯ ದಿನ ಹುಡುಗರು ಸೂಟು ಧರಿಸುವ ರೂಢಿ ನಗರಗಳಿಂದ ಮಲೆನಾಡಿನ ಪೇಟೆಗಳಿಗೂ ಏರಿಬಂದಿದೆ. ಇಲ್ಲಿ ಕೊಳ್ಳುವ ಸೂಟೂ ಬಹುಮಟ್ಟಿಗೆ ಪಾಲಿಯೆಸ್ಟರಿನದೇ. ಅಗ್ಗದ ಕೋಟುಗಳಲ್ಲಿ ಎದೆಯ ಭಾಗದ ಒಳಪದರವನ್ನು ಹೊಲಿಯದೆ ಅಂಟಿನಿಂದ ಕೂರಿಸಿರುತ್ತಾರೆ. ಮಳೆಗಾಲದ ನಾಲ್ಕು ತಿಂಗಳ ಆರ್ದ್ರತೆಯಲ್ಲಿ ಅಸ್ತರಿಗೆ ಬೂಷ್ಟು ಹಿಡಿಯುತ್ತದೆ, ಅಂಟು ಬಿಟ್ಟು ಎದೆಯ ಮೇಲೆ ಗುಳ್ಳೆಗಳೇಳುತ್ತವೆ. ಬೆಳೆಯುವ ವಯಸ್ಸಿನ ಹುಡುಗನಿಗೆ ಮರುವರ್ಷ ಅದು ತೋಳಿಗೆ ಗಿಡ್ಡವಾಗುತ್ತದೆ. ಒಂದು ದಿನದ ಛಾಯಾಚಿತ್ರಕ್ಕಾಗಿ ತೆತ್ತ ಹಣ ಅಡಿಕೆ ಕೊಯ್ಲಿನ ಕೂಲಿಯಿಂದಲೋ, ಸೊಸೈಟಿಯ ಸಾಲದಿಂದಲೋ ಬಂದದ್ದಾಗಿರಬಹುದು. ಗೆಳೆಯರೆಲ್ಲ ಕೊಂಡಾಗ ಕೊಳ್ಳಲಾರದ ಒಬ್ಬ ಹುಡುಗ ಆ ದಿನ ಕಾಲೇಜಿಗೆ ಬಾರದೆ ಉಳಿದರೆ, ಅದು ಯಾವ ಲೆಕ್ಕಕ್ಕೂ ಸಿಗದ ನಷ್ಟ.

ಹಂಚಿ ಬಳಸುವುದನ್ನು ಮಲೆನಾಡಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮದುವೆಯ ಅಡುಗೆಯ ಹಂಡೆ, ಕೊಪ್ಪರಿಗೆ, ಜಮಖಾನೆಗಳನ್ನು ದೇವಸ್ಥಾನದಿಂದಲೋ ಊರಿನ ಸಂಘದಿಂದಲೋ ತಂದು, ಬೆಳಗಿ ಹಿಂದಿರುಗಿಸುವ ರೂಢಿ ಅನೇಕ ಹಳ್ಳಿಗಳಲ್ಲಿ ಇನ್ನೂ ಜೀವಂತವಾಗಿದೆ. ಊರಿನ ಹಂಡೆಯಲ್ಲಿ ಪಾಯಸ ಕಾಸಿದರೆ ಯಾರ ಮರ್ಯಾದೆಯೂ ಕಡಿಮೆಯಾಗುವುದಿಲ್ಲ. ಅದೇ ಮರ್ಯಾದೆ ಕಾಲೇಜಿನ ಕಪಾಟಿನ ಕೋಟಿಗೂ ಸಲ್ಲಬೇಕು.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಹೊರಹೋಗುವ ತಂಡದ ವಿದ್ಯಾರ್ಥಿಗಳು ತಮ್ಮ ಕೋಟನ್ನು ಕಾಲೇಜಿಗೆ ಬಿಟ್ಟುಹೋಗಬಹುದು. ಐದಾರು ಅಳತೆಗಳ, ಸಾದಾ ಬಣ್ಣದ, ಅಂಚಿನಲ್ಲಿ ಬಟ್ಟೆ ಬಿಟ್ಟು ಹೊಲಿಸಿದ ಕೋಟುಗಳು ಒಂದು ತರಗತಿಗೆ ಅನೇಕ ವರ್ಷ ಸಾಕಾಗಬಲ್ಲವು. ಊರಿನ ದರ್ಜಿಗೆ ವರ್ಷಕ್ಕೊಮ್ಮೆ ಅವುಗಳನ್ನು ಹಿಗ್ಗಿಸಿ ಕುಗ್ಗಿಸುವ ಕೆಲಸ ಸಿಗುತ್ತದೆ. ಮಳೆಗಾಲದಲ್ಲಿ ಅವುಗಳನ್ನು ಒಣಗಿದ, ಗಾಳಿಯಾಡುವ ಕೋಣೆಯಲ್ಲಿ ತೂಗುಹಾಕಿ, ಬಿಸಿಲು ಬಂದ ದಿನ ಹೊರಗೆ ಹರವುವ ಹೊಣೆಯನ್ನು ವಿದ್ಯಾರ್ಥಿ ಸಂಘ ಹೊರಬಹುದು. ಕೋಟೇ ಬೇಡ, ಎಲ್ಲರೂ ಪಂಚೆಯುಟ್ಟು ಬರುವುದೆಂದು ತೀರ್ಮಾನಿಸಿದರೂ ಸರಿಯೇ. ಪಂಚೆಗೆ ಅಳತೆಯ ತೊಡಕಿಲ್ಲ, ಮರುದಿನವೂ ಉಡಬಹುದು. ಈ ವರ್ಷದ ಬೀಳ್ಕೊಡುಗೆಯ ಸಿದ್ಧತಾ ಸಭೆಯಲ್ಲಿ ಊಟದ ವಿಚಾರ, ಹಾಡಿನ ವಿಚಾರ ಚರ್ಚೆಗೆ ಬರುವಾಗ ಉಡುಪಿನ ವಿಚಾರವನ್ನೂ ಯಾರಾದರೊಬ್ಬರು ಎತ್ತಬೇಕು. ಕೊಳ್ಳಲಾರದ ಗೆಳೆಯ ಅದನ್ನು ತಾನೇ ಎತ್ತಲಾರ.